ಮದುವೆಯ ಫೋಟೋದಲ್ಲಿ ನಮ್ಮ ಮುಖ ನಮ್ಮದೇ ಆಗಿರಬೇಕು ಎನ್ನುವವರಿಗೆ

ಕ್ಯಾಮೆರಾ ಎದುರಾದರೆ ನನ್ನ ಭುಜ ಬಿಗಿಯುತ್ತದೆ, ನನ್ನ ಪತಿಗೆ ತುಟಿ ಬಿಗಿಯುತ್ತದೆ. ಹಾಗಾಗಿ ಛಾಯಾಗ್ರಾಹಕರನ್ನು ಗೊತ್ತುಮಾಡುವಾಗ ಆಲ್ಬಮ್ಮಿಗೆ ಎಷ್ಟು ಹಾಳೆ, ಡ್ರೋನ್ ಇದೆಯೋ ಇಲ್ಲವೋ ಎಂಬುದು ನಮಗೆ ಮುಖ್ಯವಾಗಿರಲಿಲ್ಲ. ಇಬ್ಬರೂ ಇರುವ ಹಾಗೆಯೇ ಕಾಣಬೇಕಿತ್ತು. ಛಾಯಾಗ್ರಾಹಕರಾದ ಶಿವಮೊಗ್ಗದ ಈ ಗಂಡ ಹೆಂಡತಿ ಅದನ್ನು ಮಾಡಿಕೊಟ್ಟಿದ್ದಾರೆ.

ಮದುವೆಗೆ ಮುಂಚಿನ ಫೋಟೋಗಳನ್ನು ಗಾಜನೂರಿನ ತುಂಗಾ ಜಲಾಶಯದ ಹತ್ತಿರ ತೆಗೆದರು. ನಡುಹಗಲಿನ ಬಿಸಿಲಿಗೆ ಕಣ್ಣು ಕಿರಿದಾಗಿ ಮುಖ ಗಂಟಿಕ್ಕಿದಂತೆ ಕಾಣುತ್ತದೆಂದು ಸಂಜೆಯನ್ನೇ ಆರಿಸಿದ್ದರು. ‘ಹೀಗೆ ನಿಲ್ಲಿ, ಹಾಗೆ ನಗಿ’ ಎಂಬ ಮಾತೇ ಬರಲಿಲ್ಲ. ಇಬ್ಬರೂ ನಡೆಯುತ್ತಾ ಮಾತಾಡಿಕೊಳ್ಳಿ ಎಂದರು. ಯಾರ ಮನೆಯ ಸಾರಿಗೆ ಖಾರ ಹೆಚ್ಚು ಎಂದು ಆಕೆ ಕೇಳಿದ್ದೇ ತಡ, ನಮ್ಮಿಬ್ಬರಲ್ಲಿ ನಿಜವಾದ ವಾದವೇ ಹತ್ತಿಕೊಂಡಿತು. ಕೈಯನ್ನು ಎಲ್ಲಿಡುವುದೆಂದು ತೋಚದೆ ನಿಂತಾಗ ಮಲ್ಲಿಗೆಯ ದಂಡೆ ಕೊಟ್ಟು ಮುಡಿದುಕೊಳ್ಳಲು ಹೇಳಿದರು. ಕೈಗೊಂದು ಕೆಲಸ ಸಿಕ್ಕಿದರೆ ಮುಖ ತಾನಾಗಿ ಸಡಿಲವಾಗುತ್ತದೆ. ಇದು ಅವರಿಗೆ ಚೆನ್ನಾಗಿ ಗೊತ್ತು.

ಚಪ್ಪರದ ದಿನ ಮನೆಗೆ ಬಂದವರು ತುಂಬ ಹೊತ್ತು ಕ್ಯಾಮೆರಾವನ್ನು ಚೀಲದಿಂದ ತೆಗೆಯಲೇ ಇಲ್ಲ. ಆಕೆ ಅಜ್ಜಿಯ ಪಕ್ಕ ಕುಳಿತು ಹೂ ಕಟ್ಟಿದರು, ಆಕೆಯ ಗಂಡ ನನ್ನ ಚಿಕ್ಕಪ್ಪನ ಜೊತೆ ಮಾವಿನ ತೋರಣ ಕಟ್ಟಿದರು. ಮರುದಿನ ಅರಿಶಿನ ಹಚ್ಚುವಾಗ ನಮ್ಮ ಮನೆಯ ಯಾರೂ ಅವರತ್ತ ತಿರುಗಿ ನೋಡುತ್ತಿರಲಿಲ್ಲ. ಫೋಟೋಗಳು ಅಷ್ಟು ಸಹಜವಾಗಿ ಬಂದದ್ದು ಈ ಪರಿಚಯದಿಂದಲೇ ಎಂದು ನನಗೆ ಅನಿಸುತ್ತದೆ.

ಮುಹೂರ್ತದ ಹೊತ್ತಿನಲ್ಲಿ ಅವರು ನಡೆದುಕೊಂಡ ರೀತಿಯನ್ನು ವಿಶೇಷವಾಗಿ ಹೇಳಬೇಕು. ನೆಂಟರೊಬ್ಬರ ಮದುವೆಯಲ್ಲಿ ಛಾಯಾಗ್ರಾಹಕನೊಬ್ಬ ಗಟ್ಟಿಮೇಳ ನಡೆಯುತ್ತಿರುವಾಗಲೇ ಪುರೋಹಿತರನ್ನು ತಡೆದು, ತಾಳಿಯನ್ನು ಹಾಗೇ ಹಿಡಿದುಕೊಂಡಿರಿ ಎಂದು ವರನಿಗೆ ಅಪ್ಪಣೆ ಮಾಡಿದ್ದನ್ನು ನೋಡಿ ನನಗೆ ಸಂಕಟವಾಗಿತ್ತು. ಇವರು ದೂರದಿಂದಲೇ ಮುಖ ತೆಗೆಯಬಲ್ಲ 85 ಮಿ.ಮೀ. ಲೆನ್ಸ್ ಹಾಕಿಕೊಂಡು ಮಂಟಪದಿಂದ ಆಚೆಯೇ ನಿಂತರು. ಬಾಸಿಂಗದ ನೆರಳು ಕಣ್ಣಿನ ಮೇಲೆ ಬೀಳುತ್ತದೆಂದು ಆಗಾಗ ಮಂಡಿಯೂರುತ್ತಿದ್ದರು. ಅಂತರಪಟ ಸರಿದು ಜೀರಿಗೆ ಬೆಲ್ಲ ತಲೆಗೆ ಬಿದ್ದ ಗಳಿಗೆ ಒಮ್ಮೆ ಮಾತ್ರ ಬರುವಂಥದ್ದು. ಆ ಚಿತ್ರದಲ್ಲಿ ನನ್ನ ಒಂದು ಕಣ್ಣು ಅರ್ಧ ಮುಚ್ಚಿದೆ, ನನ್ನ ಪತಿಯ ಹಣೆಯ ಮೇಲೆ ಬೆಲ್ಲದ ಚೂರು ಅಂಟಿದೆ, ಇಬ್ಬರೂ ಬಾಯಿ ತುಂಬ ನಗುತ್ತಿದ್ದೇವೆ. ಧಾರೆಯ ಚಿತ್ರ ಅದಕ್ಕಿಂತ ಮೇಲು. ಅಮ್ಮನ ಕೈಯಲ್ಲಿನ ತಂಬಿಗೆಯಿಂದ ನೀರು ಸಣ್ಣಗೆ ತೆಂಗಿನಕಾಯಿಯ ಮೇಲೆ ಇಳಿಯುತ್ತಿದೆ. ಅಪ್ಪ ಕೆಳತುಟಿಯನ್ನು ಕಚ್ಚಿ ಹಿಡಿದಿದ್ದಾರೆ. ಅಪ್ಪನ ಆ ಮುಖವನ್ನು ನಾನು ಅಂದು ನೋಡಿರಲಿಲ್ಲ, ತಲೆ ತಗ್ಗಿಸಿ ಕುಳಿತಿದ್ದೆ.

ಆರತಕ್ಷತೆಯ ಫೋಟೋಗಳು ಅಷ್ಟು ಚೆನ್ನಾಗಿಲ್ಲ. ಹಿಂದಿನ ಎಲ್‌ಇಡಿ ಪರದೆಯ ನೀಲಿ ಬೆಳಕು ಎಲ್ಲರ ಕೆನ್ನೆಗೆ ಬಡಿದಿದೆ. ಅದನ್ನು ಮಂಕು ಮಾಡಿ ಎಂದು ಇವರು ಕೇಳಿದ್ದರು, ಅಲಂಕಾರದವರು ಒಪ್ಪಲಿಲ್ಲ. ಆದರೂ ಉಡುಗೊರೆಯ ಸಾಲನ್ನು ನಡುನಡುವೆ ನಿಲ್ಲಿಸಿ ನಮಗೆ ಮಜ್ಜಿಗೆ ಕುಡಿಸಿದ್ದು ದೊಡ್ಡ ಉಪಕಾರ. ಇಲ್ಲದಿದ್ದರೆ ಕೊನೆಯ ನೆಂಟರ ಹೊತ್ತಿಗೆ ನಗು ಒಣಗಿಹೋಗುತ್ತಿತ್ತು. ವಿಡಿಯೋದಲ್ಲಿ ನಾದಸ್ವರವನ್ನು ಅಳಿಸಿ ಸಿನಿಮಾ ಸಂಗೀತ ಹಾಕಿದ್ದರು. ಕೇಳಿದ ಮೇಲೆ ಬದಲಿಸಿದರು. ಆಲ್ಬಮ್ ಹೇಳಿದ ದಿನಕ್ಕೆ ಬರಲಿಲ್ಲ.

ಮುಖವನ್ನು ಬೆಳ್ಳಗೆ ಮಾಡುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು, ಮಾಡಿಯೂ ಇಲ್ಲ. ನನ್ನ ಗಲ್ಲದ ಮಚ್ಚೆ ಇದ್ದಲ್ಲೇ ಇದೆ, ನನ್ನ ಪತಿಯ ಬಣ್ಣ ಅವರದ್ದೇ. ಎರಡು ದಿನಕ್ಕೆ ಒಂದು ಲಕ್ಷ ಹತ್ತು ಸಾವಿರ ತೆಗೆದುಕೊಂಡರು. ಕಡಿಮೆಯೇನಲ್ಲ, ಆದರೆ ಕೊಟ್ಟದ್ದಕ್ಕೆ ಬೇಸರವಿಲ್ಲ.

ಇವರನ್ನು ಕರೆಯುವವರು ಆಯ್ದ ಚಿತ್ರಗಳನ್ನಷ್ಟೇ ನೋಡಬೇಡಿ. ಒಂದೇ ಮದುವೆಯ ಎಲ್ಲ ಫೋಟೋಗಳನ್ನು ತೋರಿಸಿ ಎಂದು ಕೇಳಿ, ತೋರಿಸುತ್ತಾರೆ. ಚಪ್ಪರದ ದಿನವೇ ಬರಲು ಹೇಳಿ. ವೈಶಾಖದ ಲಗ್ನವಾದರೆ ದಿನ ಗೊತ್ತಾದ ಕೂಡಲೇ ಮಾತಾಡಿಕೊಳ್ಳಿ, ಆ ತಿಂಗಳಲ್ಲಿ ಇವರು ಸಿಗುವುದು ಕಷ್ಟ.