ಬೆಳಗಾವಿಯ ಹಳೆಯ ಕಂಪ್ಯೂಟರ್ ಅಂಗಡಿಯಲ್ಲಿ ದೊರೆತ ‘ಲೆಮ್ಮಿಂಗ್ಸ್’

ಬೆಳಗಾವಿಯ ಖಡೇಬಜಾರ್ ಸಮೀಪದ ಓಣಿಯೊಂದರಲ್ಲಿ ಹಳೆಯ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡಿ ಮಾರುವ ಪುಟ್ಟ ಅಂಗಡಿಯಿದೆ. ಅಲ್ಲಿ ‘ಲೆಮ್ಮಿಂಗ್ಸ್’ ಕಂಪ್ಯೂಟರ್ ಆಟದ ಡಾಸ್ (ಹಳೆಯ ಪಿಸಿಗಳ ಕಾರ್ಯಾಚರಣಾ ವ್ಯವಸ್ಥೆ) ಆವೃತ್ತಿಯು ಮೂಲ ಪೆಟ್ಟಿಗೆ, ಕೈಪಿಡಿ ಹಾಗೂ ಮೂರೂವರೆ ಇಂಚಿನ ಫ್ಲಾಪಿ (ಹಳೆಯ ಕಂಪ್ಯೂಟರ್‌ಗಳಲ್ಲಿ ಮಾಹಿತಿ ಇಡುತ್ತಿದ್ದ ಡಿಸ್ಕ್) ಸಮೇತ ₹2,500ಕ್ಕೆ ದೊರೆಯಿತು.

ಸ್ಕಾಟ್ಲೆಂಡಿನ ಡಂಡೀ ನಗರದ ಡಿಎಂಎ ಡಿಸೈನ್ ರೂಪಿಸಿ, ಸಿಗ್ನೋಸಿಸ್ ಸಂಸ್ಥೆಯು 1991ರಲ್ಲಿ ಮೊದಲು ಅಮಿಗಾ ಕಂಪ್ಯೂಟರಿಗೆ ಹೊರತಂದ ಈ ಆಟದಲ್ಲಿ, ಮುಂದೆ ಪ್ರಪಾತವಿದ್ದರೂ ನಿಲ್ಲದೆ ನಡೆಯುವ ಹಸಿರು ಕೂದಲಿನ ಪುಟ್ಟ ಜೀವಿಗಳಿಗೆ ಅಗೆಯುವ, ಮೆಟ್ಟಿಲು ಕಟ್ಟುವ, ಅಡ್ಡ ನಿಂತು ತಡೆಯುವ ಕೆಲಸಗಳನ್ನು ಹಂಚಿ, ಅವುಗಳನ್ನು ಬಾಗಿಲು ಮುಟ್ಟಿಸಬೇಕು. ಇಷ್ಟು ಸರಳವಾದ ನಿಯಮಗಳಿಂದ 120 ಹಂತಗಳನ್ನು ಕಟ್ಟಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಅಂಗಡಿಯವರ ಎಚ್ಚರಿಕೆ ಮೆಚ್ಚುವಂಥದ್ದು. ಬೆಳಗಾವಿಯ ಮಳೆಗಾಲದ ತೇವಕ್ಕೆ ಫ್ಲಾಪಿಯೊಳಗಿನ ತಟ್ಟೆಗೆ ಬೂಸ್ಟು ಹಿಡಿಯುವ ಸಂಭವ ಹೆಚ್ಚು. ಆದ್ದರಿಂದ ಅವರು ಲೋಹದ ಮುಚ್ಚಳವನ್ನು ಸರಿಸಿ, ನಡುವಿನ ಗುಂಡು ಬಿಲ್ಲೆಯನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತ, ಕಂದು ಮೇಲ್ಮೈಯಲ್ಲಿ ಬಿಳಿ ಚುಕ್ಕೆಯಾಗಲಿ ಗೀರಾಗಲಿ ಇಲ್ಲವೆಂಬುದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಳಿಕ ಹಳೆಯ ಕಂಪ್ಯೂಟರಿನಲ್ಲಿ ಆಟವನ್ನು ನಡೆಸಿಯೂ ತೋರಿಸಿದರು.

ಆದರೆ ಪೆಟ್ಟಿಗೆಗಳನ್ನು ಭಾರವಾದ ಮಾನಿಟರ್‌ಗಳ ಕೆಳಗೆ ಒಟ್ಟಿರುವುದರಿಂದ ಮೂಲೆಗಳು ಜಜ್ಜಿವೆ. ಸಂಗ್ರಾಹಕರು ಪೆಟ್ಟಿಗೆ ಮತ್ತು ಕೈಪಿಡಿಗೇ ಹೆಚ್ಚು ಬೆಲೆ ಕಟ್ಟುತ್ತಾರೆ. ಬರಿಯ ಫ್ಲಾಪಿಗೆ ಅಷ್ಟು ಬೆಲೆ ಬರುವುದಿಲ್ಲ. ಅಂಗಡಿಯವರು ಇವುಗಳಿಗೊಂದು ಪ್ರತ್ಯೇಕ ಕಪಾಟು ಮಾಡಲೇಬೇಕು. ಕೊಂಡವರು ಫ್ಲಾಪಿಯ ಮೂಲೆಯಲ್ಲಿ ಸರಿಸುವ ಗುಂಡಿಯಿದ್ದರೆ, ರಂಧ್ರ ತೆರೆದುಕೊಳ್ಳುವಂತೆ ಅದನ್ನು ಸರಿಸಿಯೇ ಡ್ರೈವಿಗೆ ಹಾಕಬೇಕು. ಆಗ ಮೂಲ ಆಟದ ಮೇಲೆ ಬೇರೇನೂ ಬರೆದುಕೊಳ್ಳುವುದಿಲ್ಲ.