ಸಿನೆಮಾಗೋಅರ್: ಚಲನಚಿತ್ರ ಮಾಹಿತಿಗೊಂದು ಪೈಥಾನ್ ಲೈಬ್ರರಿ

ಚಲನಚಿತ್ರ ಮಾಹಿತಿಯ ಜಾಲತಾಣವಾದ ಐಎಂಡಿಬಿಯಲ್ಲಿರುವ ಚಿತ್ರಗಳ ವಿವರಗಳನ್ನು ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ತರಿಸಿಕೊಡುವ ಲೈಬ್ರರಿ (ಸಿದ್ಧ ಕೋಡ್‌ಗಳ ಸಂಗ್ರಹ) ಸಿನೆಮಾಗೋಅರ್, 2022ಕ್ಕೆ ಮೊದಲು ಐಎಂಡಿಬಿಪೈ ಎಂದೇ ಪರಿಚಿತವಾಗಿತ್ತು. ಇದು ಮುಕ್ತ ತಂತ್ರಾಂಶ. ಎಪಿಐ ಕೀ (ಮಾಹಿತಿ ಸೇವೆಯನ್ನು ಬಳಸಲು ಬೇಕಾಗುವ ಅನುಮತಿ ಸಂಕೇತ) ಪಡೆಯದೆಯೂ ಇದನ್ನು ಬಳಸಬಹುದು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಮಾಹಿತಿಯನ್ನು ಜೋಡಿಸಿರುವ ಕ್ರಮ. ತಾರಾಗಣವನ್ನು ಕೇಳಿದರೆ ಬರಿಯ ಹೆಸರುಗಳ ಪಟ್ಟಿ ಬರುವುದಿಲ್ಲ. ಪ್ರತಿಯೊಬ್ಬ ಕಲಾವಿದರೂ ಒಂದೊಂದು ಪರ್ಸನ್ ಆಬ್ಜೆಕ್ಟ್ (ಒಬ್ಬ ವ್ಯಕ್ತಿಯ ವಿವರಗಳನ್ನು ಒಟ್ಟಿಗಿಟ್ಟ ಘಟಕ) ಆಗಿ ಬರುತ್ತಾರೆ, ಆ ಚಿತ್ರದಲ್ಲಿ ಅವರು ವಹಿಸಿದ ಪಾತ್ರ ಅದರ ಕರೆಂಟ್‌ರೋಲ್ ಎಂಬ ಭಾಗದಲ್ಲಿ ಸಿಗುತ್ತದೆ, ಅವರ ಗುರುತಿನ ಸಂಖ್ಯೆಯನ್ನು ಹಿಡಿದು ಅವರ ಉಳಿದ ಚಿತ್ರಗಳತ್ತಲೂ ಸಾಗಬಹುದು. ಕಲಾವಿದರ ನಡುವಿನ ನಂಟನ್ನು ಅಧ್ಯಯನ ಮಾಡುವವರಿಗೆ ಇದಕ್ಕಿಂತ ಅನುಕೂಲವಾದ ವಿನ್ಯಾಸ ಬೇಕಿಲ್ಲ.

ಹೊಸಬರು ಎಡವುವುದು ಹುಡುಕಾಟದಲ್ಲಿ. ಹೆಸರು ಕೊಟ್ಟು ಚಿತ್ರ ಹುಡುಕುವ ಸರ್ಚ್‌ಮೂವಿ ಎಂಬ ಆದೇಶ ಕೊಡುವ ಫಲಿತಾಂಶದಲ್ಲಿ ಶೀರ್ಷಿಕೆ, ವರ್ಷ, ಗುರುತಿನ ಸಂಖ್ಯೆಯಂತಹ ಪ್ರಾಥಮಿಕ ವಿವರಗಳಷ್ಟೇ ಇರುವುದರಿಂದ, ನಿರ್ದೇಶಕರು, ಅವಧಿ, ರೇಟಿಂಗ್ ಬೇಕಿದ್ದರೆ ಅದೇ ಆಬ್ಜೆಕ್ಟನ್ನು ಅಪ್‌ಡೇಟ್ ಮಾಡಬೇಕು ಅಥವಾ ಗುರುತಿನ ಸಂಖ್ಯೆ ಕೊಟ್ಟು ಗೆಟ್‌ಮೂವಿಯನ್ನು ಕರೆಯಬೇಕು. ಆಗಲೂ ಎಲ್ಲ ಚಿತ್ರಗಳಿಗೂ ಎಲ್ಲ ವಿವರಗಳೂ ಇರುತ್ತವೆಂಬ ಖಾತರಿಯಿಲ್ಲ; ಚೌಕ ಆವರಣದಲ್ಲಿ ನೇರವಾಗಿ ಕೇಳಿದರೆ ಕೀಎರರ್ ಎಂಬ ದೋಷ ಬಂದು ಪ್ರೋಗ್ರಾಮ್ ನಿಲ್ಲುತ್ತದೆ, ಗೆಟ್ ಮೂಲಕ ಕೇಳಿದರೆ None (ಏನೂ ಇಲ್ಲ) ಎಂಬ ಉತ್ತರ ಬಂದು ಕೆಲಸ ಮುಂದುವರಿಯುತ್ತದೆ. ಗುರುತಿನ ಸಂಖ್ಯೆಯನ್ನು ಪಠ್ಯವಾಗಿಯೇ ಉಳಿಸಿಕೊಳ್ಳುವುದು ಒಳಿತು, ಏಕೆಂದರೆ 0133093 ಎಂಬುದನ್ನು ಪೂರ್ಣಾಂಕವಾಗಿ ಪರಿವರ್ತಿಸಿದರೆ ಮೊದಲ ಸೊನ್ನೆ ಅಳಿಸಿಹೋಗುತ್ತದೆ.

ಇದರ ನಿಜವಾದ ಮಿತಿ ಬೇರೆಡೆ ಇದೆ. ಸಾಮಾನ್ಯ ಬಳಕೆಯಲ್ಲಿ ಲೈಬ್ರರಿಯು ಜಾಲತಾಣದ ಪುಟಗಳನ್ನೇ ಓದಿ ಮಾಹಿತಿಯನ್ನು ಹೆಕ್ಕುತ್ತದೆ. ಪುಟದ ರಚನೆ ಬದಲಾದ ದಿನ ನಿನ್ನೆಯವರೆಗೆ ಸಿಗುತ್ತಿದ್ದ ವಿವರ ಸಿಗದೆ ಹೋಗಬಹುದು, ಅದನ್ನು ಸರಿಪಡಿಸಿದ ಹೊಸ ಆವೃತ್ತಿಗಾಗಿ ಕಾಯಬೇಕಾಗುತ್ತದೆ. ಆದ್ದರಿಂದ ಎಡೆಬಿಡದೆ ನಡೆಯಬೇಕಾದ ಸೇವೆಯೊಂದನ್ನು ಇದೊಂದರ ಮೇಲೆಯೇ ಕಟ್ಟುವುದನ್ನು ನಾನು ಒಪ್ಪಲಾರೆ.

ಸಾವಿರಾರು ಚಿತ್ರಗಳ ವಿಶ್ಲೇಷಣೆ ಮಾಡುವವರು ಐಎಂಡಿಬಿಯೇ ವೈಯಕ್ತಿಕ, ವಾಣಿಜ್ಯೇತರ ಬಳಕೆಗೆಂದು ಪ್ರತಿದಿನ ನವೀಕರಿಸಿ ಕೊಡುವ ಟಿಎಸ್‌ವಿ ಕಡತಗಳನ್ನು (ಟ್ಯಾಬ್‌ನಿಂದ ಬೇರ್ಪಡಿಸಿದ ಪಠ್ಯಪಟ್ಟಿಗಳನ್ನು) ಇಳಿಸಿಕೊಳ್ಳಲಿ. ಅವುಗಳಲ್ಲಿ ಕಥಾಸಾರ ಇರುವುದಿಲ್ಲ, ಆದರೆ ರೇಟಿಂಗ್, ಮತಗಳ ಸಂಖ್ಯೆ, ಪ್ರಮುಖ ಕಲಾವಿದರ ವಿವರಗಳಿರುತ್ತವೆ. ಆ ಕಡತಗಳನ್ನು ಎಸ್‌ಕ್ಯೂಎಲ್ ಡೇಟಾಬೇಸಿಗೆ ತುಂಬುವ ಸ್ಕ್ರಿಪ್ಟ್ ಕೂಡ ಸಿನೆಮಾಗೋಅರ್ ಜೊತೆಗೇ ಬರುತ್ತದೆ. ಒಮ್ಮೆ ತುಂಬಿದ ಮೇಲೆ ಅವೇ ಸರ್ಚ್‌ಮೂವಿ, ಗೆಟ್‌ಮೂವಿಗಳು ಜಾಲತಾಣದ ಬದಲು ನಮ್ಮದೇ ಡೇಟಾಬೇಸಿನಿಂದ ಉತ್ತರ ತರುತ್ತವೆ. ನನ್ನ ಶಿಫಾರಸು ಮುಖ್ಯವಾಗಿ ಈ ಬಳಕೆಗೇ.