ಕಿರುಬೆರಳಿನ ಜೋಮಿಗೆ ಯಾವುದು ವಾಸಿ? ಜೆಲ್ ಗ್ಲೌಸ್, ರೆಕ್ಕೆ ಗ್ರಿಪ್, ಡ್ರಾಪ್ ಬಾರ್

ಸೈಕಲ್ ಟೂರಿನ ಮೂರನೇ ದಿನ ಬೆಳಗ್ಗೆ ಶರ್ಟಿನ ಗುಂಡಿ ಹಾಕಲು ಹೋದೆ, ಆಗಲಿಲ್ಲ. ಎಡಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿದಿದ್ದವು. ಗುಂಡಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಎಂದು ಕಣ್ಣಲ್ಲಿ ನೋಡಿಯೇ ತಿಳಿಯಬೇಕಿತ್ತು.

ಅಂಗೈಯ ಹಿಮ್ಮಡಿ, ಅಂದರೆ ಮಣಿಕಟ್ಟಿಗೆ ತಾಗಿದ ದಪ್ಪ ಭಾಗ ಇದೆಯಲ್ಲ, ಅದರ ಕಿರುಬೆರಳಿನ ಬದಿಯಲ್ಲಿ ಅಲ್ನಾರ್ ನರ ಹಾದುಹೋಗುತ್ತದೆ. ಹ್ಯಾಂಡಲ್ ಗಂಟೆಗಟ್ಟಲೆ ಅದನ್ನೇ ಒತ್ತಿದರೆ ಈ ಎರಡು ಬೆರಳು ಸೋಲುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದರೆ ಅದು ಮೀಡಿಯನ್ ನರದ ತಕರಾರು.

ಮೊದಲು ಕೊಂಡಿದ್ದು ಅಂಗೈಗೆ ಮೆತ್ತನೆ ಜೆಲ್ ಪ್ಯಾಡ್ ಇರುವ ಜೆಲ್ ಗ್ಲೌಸ್. ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಮೊದಲ ಒಂದು ಗಂಟೆ ಹಾಯಾಗಿತ್ತು. ಆಮೇಲೆ ಆ ಜೆಲ್ ಉಂಡೆಯೇ ನರದ ಮೇಲೆ ಕೂತು ಒತ್ತತೊಡಗಿತು. ತೆಳು ಪ್ಯಾಡಿನ ಹಳೇ ಗ್ಲೌಸೇ ವಾಸಿ.

ರೆಕ್ಕೆ ಗ್ರಿಪ್, ಅಂದರೆ ಅಂಗೈ ಊರಲು ರೆಕ್ಕೆಯಂತೆ ಚಪ್ಪಟೆಯಾಗಿ ಚಾಚಿದ ಹ್ಯಾಂಡಲ್ ಹಿಡಿ, ಬೇರೆಯದೇ ಲೆಕ್ಕ. ಅಂಗೈ ಅಗಲವಾಗಿ ಊರುವುದರಿಂದ ಭಾರ ಹಂಚಿಹೋಗುತ್ತದೆ. ಆದರೆ ಕೂರಿಸುವ ಕೋನ ತಪ್ಪಿದರೆ ಎಲ್ಲ ದಂಡ. ನಾನು ರೆಕ್ಕೆಯನ್ನು ಜಾಸ್ತಿ ಕೆಳಗೆ ತಿರುಗಿಸಿದ್ದೆ, ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡಿತು. ಅಲೆನ್ ಕೀ ಜೇಬಲ್ಲಿಟ್ಟುಕೊಂಡು, ನಿಂತ ಕಡೆಯೆಲ್ಲ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಮುಂಗೈಯೂ ಹಸ್ತವೂ ಒಂದೇ ಗೆರೆಗೆ ಬಂದಾಗ ಸರಿಹೋಯಿತು.

ಡ್ರಾಪ್ ಬಾರ್, ಅಂದರೆ ರೇಸ್ ಸೈಕಲ್ಲಿನಂತೆ ತುದಿ ಕೆಳಗೆ ಬಾಗಿದ ಹ್ಯಾಂಡಲ್, ಇದ್ದ ಗೆಳೆಯನ ಸೈಕಲನ್ನು ಎರಡು ವಾರ ಕಡ ತಂದು ಓಡಿಸಿದೆ. ಮೇಲೆ, ಬ್ರೇಕಿನ ಮೇಲೆ, ಕೆಳಗೆ ಅಂತ ಹಿಡಿತ ಬದಲಿಸುತ್ತಾ ಇರಬಹುದು, ನರಕ್ಕೆ ಬಿಡುವು ಸಿಗುತ್ತದೆ. ಎದುರುಗಾಳಿಗಂತೂ ಇದೇ ಸೈ. ನನ್ನ ಸೈಕಲ್ಲಿಗೆ ಹಾಕಿಸಬೇಕಾದರೆ ಬ್ರೇಕ್ ಲಿವರ್, ಗೇರ್ ಶಿಫ್ಟರ್ ಎಲ್ಲ ಬದಲಾಗಬೇಕು. ಹಿಡಿತವೂ ಮುಂದೆ ಹೋಗುತ್ತದೆ, ಅದಕ್ಕೆ ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಬೇರೆ ಬೇಕು. ಬೇಡಪ್ಪಾ ಅನ್ನಿಸಿತು.

ತಮಾಷೆ ಏನು ಗೊತ್ತಾ? ಅಸಲಿ ಕಳ್ಳ ಕೂತಿದ್ದು ಸೀಟಿನಲ್ಲಿ. ಕೂರಲು ಸುಖ ಅಂತ ಅದರ ಮೂತಿಯನ್ನು ನಾನೇ ಕೆಳಗೆ ಬಾಗಿಸಿದ್ದೆ. ಮೈ ಮುಂದಕ್ಕೆ ಜಾರುತ್ತಿತ್ತು, ಕೈ ಅದನ್ನು ತಡೆದು ನಿಲ್ಲಿಸುತ್ತಿತ್ತು. ರಸಮಟ್ಟ ಇಟ್ಟು ಸೀಟನ್ನು ಸಮ ಮಾಡಿ, 1 ಸೆಂ.ಮೀ. ಹಿಂದಕ್ಕೆ ಸರಿಸಿದೆ. ಸ್ಟೆಮ್ ಕೆಳಗೆ ಸ್ಪೇಸರ್ ಬಳೆ ಹಾಕಿ ಹ್ಯಾಂಡಲನ್ನು 2 ಸೆಂ.ಮೀ. ಏರಿಸಿದೆ. ಆಮೇಲೆ ಸುಮ್ನೆ ಬೆರಳ ತುದಿಯನ್ನಷ್ಟೇ ತಾಗಿಸಿಕೊಂಡೂ ಓಡಿಸಲು ಬಂತು.

ಈಗ ರೆಕ್ಕೆ ಗ್ರಿಪ್, ಅದರ ತುದಿಗೆ ಹಿಡಿತ ಬದಲಿಸಲು ಬಾರ್ ಎಂಡ್ ಎಂಬ ಗಿಡ್ಡ ಕೊಂಬು, ಹಳೇ ಗ್ಲೌಸ್, ಇಷ್ಟೇ. ಡ್ರಾಪ್ ಬಾರ್ ಮೇಲೆ ಆಸೆ ಇನ್ನೂ ಇದೆ. ಕಿರುಬೆರಳಿಗೆ ಪೂರ್ತಿ ಸ್ಪರ್ಶ ಮರಳಲು ಐದು ವಾರ ಹಿಡಿಯಿತು.